ಕನ್ನಮ್ಮನ ಕೋಲು

ಶಿವಮೊಗ್ಗದಲ್ಲಿ ಸಚಿವರ ಸಭೆ, ಮೇಲಿನ ಮಹಡಿಯಲ್ಲಿ.
ನಾವು ಒಂಬತ್ತು ಮಂದಿ ಕೆಳಗೆ,
ಸಾಗರದಿಂದ ಬೆಳಗಿನ ಮೊದಲ ಬಸ್ಸಿಗೆ ಬಂದವರು.
ನಮ್ಮನ್ನು ಹತ್ತಿಸಿಕೊಳ್ಳಲಿಕ್ಕೇ ಹತ್ತು ನಿಮಿಷ ಹಿಡಿಯಿತು;
ಕಂಡಕ್ಟರು ಪುಣ್ಯಾತ್ಮ, ಸೀಟಿ ಊದಲಿಲ್ಲ.

ಮೆಟ್ಟಿಲು ಇಪ್ಪತ್ತೆರಡು.
ಸೊಂಟದ ಕೀಲು ಸವೆದವರು
ಮೊದಲು ಎಣಿಸುತ್ತಾರೆ, ಆಮೇಲೆ ನಮಸ್ಕಾರ.

ಬಾಗಿಲಲ್ಲಿ ಪೊಲೀಸು ಕನ್ನಮ್ಮನ ಕೋಲು ಹಿಡಿದ:
"ಇದನ್ನ ಒಳಗೆ ಬಿಡಂಗಿಲ್ಲ ಅಜ್ಜಿ."
"ಇದು ಕೋಲಲ್ಲ ಮಗ, ದಾಖಲೆ."
"ಹಂಗಾದ್ರೆ ದಾಖಲೆ ಜತೆ ಹೊರಗೇ ಕೂತ್ಕಳಿ."

ಅವಳು ಹೇಳಿದ್ದು ಸುಳ್ಳಲ್ಲ. ಬಗನಿ ಮರದ ಕೋಲು, ಅವಳಿಗಿಂತ ಎತ್ತರ.
ಪ್ರತಿ ದೀಪಾವಳಿಗೆ ಅದರ ಪಕ್ಕ ನಿಂತು
ನೆತ್ತಿಯ ಮಟ್ಟಕ್ಕೆ ಒಂದು ಕಚ್ಚು.
ಮಕ್ಕಳ ಗೀಟು ಗೋಡೆಯ ಮೇಲೆ ಏರುತ್ತವೆ,
ಇವಳವು ಇಪ್ಪತ್ತಾರು ವರ್ಷದಿಂದ ಇಳಿಯುತ್ತಿವೆ.
ಮೊದಲ ಕಚ್ಚಿಗೂ ಕೊನೆಯದಕ್ಕೂ ನಡುವೆ
ಒಂದು ಗೇಣು, ನಾಲ್ಕು ಬೆರಳು.

ಮನವಿ ಬರೆದವಳು ನಾನು. ಪಿಯುಸಿ ಓದಿದ್ದೇನೆ,
ಎಡಗಾಲು ಎಳೆಯತೊಡಗಿದ್ದೂ ಆ ವರ್ಷವೇ.
ಬೂದ್ಯಪ್ಪ ಅಂದ: ಪಿಂಚಣಿ ಜಾಸ್ತಿ ಕೇಳು,
ದೊರೆಗಳ ಹತ್ರ ಅವರು ಕೊಡೋದನ್ನೇ ಕೇಳ್ಬೇಕು.
ನಾಗಿ ಅಂದಳು: ಗಾಡಿ ಕೇಳು, ಮೂರು ಚಕ್ರದ್ದು.
ರಾತ್ರಿಯೆಲ್ಲ ಜಗಳ. ಕೊನೆಗೆ ಒಂದೇ ಸಾಲು ಉಳಿಯಿತು:
ನಿಲ್ಲಿಸಿದ ಸಂಶೋಧನೆಗೆ ಮತ್ತೆ ಹಣ ಕೊಡಿ.
ಎಲ್ಲರಿಗೂ ಬಾಯಿಪಾಠ ಮಾಡಿಸಿದೆ.
ಬೂದ್ಯಪ್ಪನ ಬಾಯಲ್ಲಿ ಅದು "ಸೋದ್ನೆ" ಆಯಿತು.
ಇರಲಿ, ಹುಡುಕು ಅಂತಲೇ ಅರ್ಥ.

ಬಂದಿದ್ದರು, ಬರಲಿಲ್ಲವೆಂದಲ್ಲ.
ಬಿಳಿ ಜೀಪು, ಥರ್ಮಾಕೋಲ್ ಡಬ್ಬಿ, ಸಣ್ಣ ಸಣ್ಣ ನಳಿಗೆ.
ಗದ್ದೆ ಏಡಿ ತಿಂತೀರಾ? ತಿಂತೀವಿ.
ಎಷ್ಟು? ಸಿಕ್ಕಷ್ಟು.
ಮದುವೆ ಯಾರನ್ನ ಆದ್ರಿ? ಒಪ್ಪಿದೋರ್ನ.
ರಕ್ತಕ್ಕೆ ನಂಬರು ಹಾಕಿಕೊಂಡು ಹೋದರು,
ನನ್ನದು ನಲವತ್ತೇಳು.
ನನ್ನ ರಕ್ತ ವಿಮಾನ ಹತ್ತಿದೆ, ಹೈದರಾಬಾದು ಕಂಡಿದೆ,
ನಾನು ಜೋಗವನ್ನು ಕೆಳಗಿಳಿದು ನೋಡಿಲ್ಲ.
ವರದಿ? ಯಾರಿಗೋ ಬಂದಿರಬೇಕು.
ಏನೆಂದು ಗೊತ್ತಾಗುವ ಮೊದಲೇ ದುಡ್ಡು ಮುಗಿಯಿತಂತೆ.
ಕಾಯಿಲೆಗೆ ಮಾತ್ರ ನಮ್ಮೂರ ಹೆಸರಿಟ್ಟು ಹೋದರು.
ಹೆಣ್ಣು ನೋಡಲು ಬರುವವರು ಬೋರ್ಡು ಓದಿ
ಮುಂದಿನ ಸ್ಟಾಪಿಗೆ ಹೋಗುತ್ತಾರೆ.

ಸಚಿವರು ಇಳಿದರು, ಹಿಂದೆ ಫೈಲುಗಳು, ಬೂಟುಗಳು.
ಕನ್ನಮ್ಮ ಅವರ ಕಾರಿನ ಚಕ್ರಕ್ಕೆ ಒರಗಿ ಕೂತಿದ್ದಳು.
ಧರಣಿಯಲ್ಲ. ಅಲ್ಲೊಂದೇ ನೆರಳಿತ್ತು.

"ಏನಮ್ಮ, ಪಿಂಚಣಿ ಬರ್ತಿದೆಯಲ್ಲ?"
"ಬತ್ತದೆ ಸ್ವಾಮಿ. ಅದು ನಂಗೆ.
ಯಾಕೆ ಹಿಂಗಾತು ಅನ್ನೋದು ಇವಳಿಗೆ ಬೇಕು."
ಮೊಮ್ಮಗಳು ಸಿಂಚನ, ಏಳು ವರ್ಷ,
ಚಕ್ಕುಲಿ ಕಡಿಯುತ್ತಿದ್ದಳು.

ಸಚಿವರು ಕುಕ್ಕರಗಾಲಲ್ಲಿ ಕೂತರು,
ಕೋಲಿನ ಮೇಲೆ ಬೆರಳಾಡಿಸಿದರು, ಮೇಲಿನಿಂದ ಕೆಳಗೆ.
ಏಳುವಾಗ ಅವರ ಮೊಣಕಾಲು ಲಟಕ್ಕೆಂದಿತು.
ಒಂಬತ್ತು ಮಂದಿಗೂ ಕೇಳಿಸಿತು, ಯಾರೂ ನಗಲಿಲ್ಲ.
ಮನವಿಯ ಅಂಚಿಗೆ ಹಸಿರು ಶಾಯಿಯಲ್ಲಿ ಬರೆದರು:
ಪರಿಶೀಲಿಸಿ.
ಯಾರು, ಎಂದು ಬರೆಯಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಸಿಂಚನ ಕೋಲಿಗೆ ಬೆನ್ನು ಹಚ್ಚಿ ನಿಂತಳು.
"ಅಕ್ಕಾ, ನಾ ಎಲ್ಲಿಗ್ ಬಂದೆ ನೋಡು."
ಅವಳ ನೆತ್ತಿಗೂ ಅಜ್ಜಿಯ ಕೊನೆಯ ಕಚ್ಚಿಗೂ
ಇನ್ನು ಎರಡು ಬೆರಳು.
ಸೇಫ್ಟಿ ಪಿನ್ ಬಿಚ್ಚಿ ಗೀಟೆಳೆಯಲು ಹೋದೆ.
ಕನ್ನಮ್ಮ ನನ್ನ ಕೈ ಹಿಡಿದಳು:
"ಅದಕ್ಕೆ ಬೇರೆ ಕೋಲು ತಗಳ್ಳನ."

ಮುಂದಿನ ಸಭೆ ಇಪ್ಪತ್ತೊಂದಕ್ಕೆ, ಮಂಗಳವಾರ; ಗುಮಾಸ್ತ ಹೇಳಿದ್ದ.
ಟಿಕೆಟ್ಟಿನ ಹಿಂದೆ ಬರೆದುಕೊಂಡೆ.
ಕೆಳಗೆ ಇನ್ನೊಂದು ಸಾಲು:
ಮೆಟ್ಟಿಲು ೨೨. ಬೇಗ ಹೊರಡಬೇಕು.